ಬದುಕಿದ್ದವರಿಗೆ ಮಾಲೆ

ನನ್ನ ಅಜ್ಜ ಎರಡು ಸಲ ಲೋಕಸಭೆಗೆ ಗೆದ್ದದ್ದು ಸತ್ತವರಿಂದ. ಕಳ್ಳ ಮತದಾನದ ಮಾತಲ್ಲ ಇದು, ಅಷ್ಟು ಬುದ್ಧಿವಂತಿಕೆ ನಮ್ಮ ಮನೆತನದಲ್ಲಿಲ್ಲ. ಯಾರು ಸತ್ತರೂ ಮಣ್ಣಾಗುವುದರೊಳಗೆ ಅಜ್ಜನ ಬಿಳಿ ಗಾಡಿ ಆ ಮನೆಯ ಮುಂದೆ ನಿಂತಿರುತ್ತಿತ್ತು. ಗೋಕಾಕದಲ್ಲಿ ಸತ್ತರೆ ಅರ್ಧ ಗಂಟೆ, ಮೂಡಲಗಿಯಲ್ಲಿ ಸತ್ತರೆ ಒಂದು ಗಂಟೆ. ಹುಕ್ಕೇರಿ ನಮ್ಮ ಕ್ಷೇತ್ರದಲ್ಲೇ ಬರುವುದಿಲ್ಲ, ಆದರೂ ಹೋಗುತ್ತಿದ್ದರು. ಆ ಕಡೆಯ ಹೆಣ್ಣುಮಕ್ಕಳನ್ನು ನಮ್ಮ ಕಡೆ ಕೊಟ್ಟಿದ್ದಾರೆ, ತವರಿನ ಸಾವಿಗೆ ಬಂದವನನ್ನು ಹೆಣ್ಣುಮಗಳು ಮತಪೆಟ್ಟಿಗೆಯ ತನಕ ನೆನಪಿಡುತ್ತಾಳೆ ಎನ್ನುವುದು ಅವರ ಲೆಕ್ಕ.

ದಿಲ್ಲಿಯಲ್ಲಿ ಅಜ್ಜ ಬಾಯಿ ತೆರೆದದ್ದು ಆಕಳಿಸುವುದಕ್ಕೆ ಮಾತ್ರ ಎಂದು ವಿರೋಧಿಗಳು ಹೇಳುತ್ತಿದ್ದರು. ಊರಿನಲ್ಲಿ ಹಾಗಿಲ್ಲ. ಹಳೆಯ ಪದ್ಧತಿ, ಕೂಡು ಕುಟುಂಬ, ಹಿರಿಯರ ಮಾತು ಎಂದು ಶುರು ಮಾಡಿದರೆ ಮೈಕು ಬಿಸಿಯಾಗುವ ತನಕ ಬಿಡುತ್ತಿರಲಿಲ್ಲ. ಕೂದಲು ಬಿಟ್ಟುಕೊಂಡು ತಿರುಗುವ ಹುಡುಗಿಯರ ಮೇಲೆ ಇಪ್ಪತ್ತು ನಿಮಿಷ ಸಿಟ್ಟು ಮಾಡಿ, ವೇದಿಕೆಯಿಂದ ಇಳಿದು, ಕೂದಲು ಬಿಟ್ಟುಕೊಂಡೇ ನಿಂತಿದ್ದ ನನ್ನ ಕೈಯಿಂದ ನೀರಿನ ಬಾಟಲಿ ಇಸಿದುಕೊಳ್ಳುತ್ತಿದ್ದರು. ನಾನು ಅವರ ಕಣ್ಣಿಗೆ ಹುಡುಗಿಯರ ಲೆಕ್ಕದಲ್ಲಿ ಬರುತ್ತಿರಲಿಲ್ಲ, ಮೊಮ್ಮಗಳು ಅಷ್ಟೆ.

ಕಾಲೇಜಿಗೆ ರಜೆ ಇದ್ದ ದಿನ ನಾನೂ ಗಾಡಿಯಲ್ಲಿರುತ್ತಿದ್ದೆ. ಮೊಬೈಲಿನ ಸಣ್ಣ ಅಕ್ಷರ ಅಜ್ಜನಿಗೆ ಕಾಣುವುದಿಲ್ಲ, ಸಾವಿನ ಸುದ್ದಿಯೆಲ್ಲ ಈಗ ವಾಟ್ಸಾಪಿನಲ್ಲೇ ಬರುತ್ತದೆ. ಆ ಗುರುವಾರ ಬಂದ ಸುದ್ದಿ ಕಲ್ಲೋಳಿಯದು. ಹಿರಿಯರೊಬ್ಬರು ಲಿಂಗೈಕ್ಯರಾಗಿದ್ದಾರೆ, ಗುಡಿಯ ಹಿಂದಿನ ಓಣಿ ಎಂದಿತ್ತು. ನಾನು ಓದಿ ಹೇಳಿದೆ. ಡ್ರೈವರ್ ಗುಡಿ ಹಾಯ್ದು ಓಣಿಗೆ ಗಾಡಿ ತಿರುಗಿಸಿದ. ಭಜನೆಯ ತಾಳ ಕೇಳುತ್ತಿತ್ತು. ಮೊದಲನೇ ಮನೆಯ ಪಡಸಾಲೆಯಲ್ಲಿ ಒಬ್ಬ ಮುತ್ಯಾ, ಹಣ್ಣು ಹಣ್ಣು ಮುದುಕ, ಗೋಡೆಗೆ ಒರಗಿ ಕೂತಿದ್ದ. ಕಣ್ಣು ಮುಚ್ಚಿದ್ದವು, ಹಣೆಯ ತುಂಬ ವಿಭೂತಿ, ಮೈಮೇಲೆ ಮಡಿ ಧೋತರ, ಸುತ್ತ ನಾಲ್ಕೈದು ಜನ.

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಮೀಯಿಸಿ, ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಕೂತಂತೆಯೇ ಮಣ್ಣಿಗೆ ಹೋಗುತ್ತಾರೆ. ಆದ್ದರಿಂದ ಅಜ್ಜನ ತಪ್ಪು ಏನೂ ಇರಲಿಲ್ಲ.

ಅವರು ಚಪ್ಪಲಿಯನ್ನು ದೂರ ಬಿಟ್ಟರು. ತಲೆ ಬಗ್ಗಿಸಿ ಒಳಗೆ ನಡೆದರು. ಚೆಂಡು ಹೂವಿನ ಮಾಲೆಯನ್ನು ಮುತ್ಯಾನ ಕೊರಳಿಗೆ ಹಾಕಿ, ಮೂರು ಹೆಜ್ಜೆ ಹಿಂದೆ ಸರಿದು, ಕೈ ಮುಗಿದು, ಐದು ಉಸಿರು ಕಣ್ಣು ಮುಚ್ಚಿದರು. ಆಮೇಲೆ ಪಕ್ಕದಲ್ಲಿದ್ದ ಮುತ್ಯಾನ ಮಗನ ಭುಜದ ಮೇಲೆ ಕೈ ಇಟ್ಟು, ಪ್ರತಿ ಮನೆಯಲ್ಲೂ ಹೇಳುವ ಮಾತನ್ನೇ ಹೇಳಿದರು:

“ಧೈರ್ಯ ತಗೋರಿ. ಹಿರ್ಯಾರು ಎಲ್ಲೂ ಹೋಗಿಲ್ಲ. ಇಲ್ಲೇ ಅದಾರ.”

ಮುತ್ಯಾ ಕಣ್ಣು ತೆರೆದ. “ಹೌದ್ರಿ ಸಾಹೇಬ್ರ, ಇಲ್ಲೇ ಅದೇನಿ,” ಎಂದ. “ಪೂಜಿ ಮುಗಿಸಿ ಜರಾ ಕಣ್ ಮುಚ್ಚಿದ್ದೆ. ಏನ್ ವಿಶೇಷ? ನನಗ್ಯಾಕ ಸತ್ಕಾರ?”

ಸತ್ತವರ ಮನೆ ಎರಡು ಬಾಗಿಲ ಆಚೆ ಇತ್ತು. ಇವರೆಲ್ಲ ಅಲ್ಲಿಗೇ ಹೊರಟು, ಮುತ್ಯಾನ ಪೂಜೆ ಮುಗಿಯಲೆಂದು ಕಾದು ಕೂತವರು. ಅಜ್ಜನ ಮುಖ ಬೆಂದ ಬದನೆಕಾಯಿಯಂತಾಯಿತು. ಮುತ್ಯಾ ಮಾತ್ರ ಮಾಲೆ ತೆಗೆಯಲಿಲ್ಲ. ಚಹಾ ತರಿಸಿದ. “ಜೀವ ಇದ್ದಾಗನ ಹಾಕಿಸ್ಕೊಂಡೆ, ಇನ್ನ ಹತ್ತು ವರ್ಷ ಚಿಂತಿಲ್ಲ,” ಎಂದು ನಕ್ಕ. ಅದೇ ಮಾಲೆಯಲ್ಲೇ ಎರಡು ಬಾಗಿಲಾಚೆಯ ಸಾವಿಗೂ ಬಂದ.

ನಡೆದದ್ದು ಇಷ್ಟೆ. ಇನ್ನು ನಾನು ಮಾಡಿದ್ದು.

ಮರುದಿನ ಕಾಲೇಜಿನ ಕ್ಯಾಂಟೀನಿನಲ್ಲಿ ಇದನ್ನು ಆಡಿ ತೋರಿಸಿದೆ. ಅಜ್ಜನೂ ನಾನೇ, ಮುತ್ಯಾನೂ ನಾನೇ. ಐದು ಉಸಿರನ್ನು ಹದಿನೈದು ಮಾಡಿದೆ. ಅಜ್ಜ ಅತ್ತರು ಎಂದೆ. ಸೊಸೆ ಹೌಹಾರಿ ಕೊಡ ಕೆಡವಿದಳು, ಎಮ್ಮೆ ಹಗ್ಗ ಹರಿದುಕೊಂಡು ಓಡಿತು ಎಂದೆ. ಆ ಮನೆಯಲ್ಲಿ ಎಮ್ಮೆಯೇ ಇರಲಿಲ್ಲ. ಗೆಳತಿಯರು ನಕ್ಕು ನಕ್ಕು ಬೆಂಚಿನ ಮೇಲೆ ಬಿದ್ದರು. ಆಗ ನಿಡಸೋಸಿ ಕಡೆಯ ಒಬ್ಬಳು ಕಣ್ಣು ಒರೆಸಿಕೊಳ್ಳುತ್ತ ಕೇಳಿದಳು:

“ಮುಂದೇನಾತಲೇ?”

ಮುಂದೆ ಏನೂ ಆಗಿರಲಿಲ್ಲ. ಆದರೆ ಎಂಟು ಜನ ಬಾಯಿ ತೆರೆದು ಕೂತಿದ್ದಾಗ ಏನೂ ಆಗಲಿಲ್ಲ ಎನ್ನುವ ಜಾಯಮಾನ ನನ್ನದಲ್ಲ.

“ಮುಂದೇನ? ಮೂರನೇ ದಿನಕ್ಕ ಮುತ್ಯಾ ಖರೇನ ಹೋದ,” ಎಂದೆ.

ಮೂರನೇ ದಿನ ಇನ್ನೂ ಬಂದೇ ಇರಲಿಲ್ಲ. ಯಾರೂ ಲೆಕ್ಕ ಹಾಕಲಿಲ್ಲ. ಒಂದು ಕ್ಷಣ ಯಾರೂ ಉಸಿರಾಡಲಿಲ್ಲ. ಆಮೇಲೆ ನಗು ಬಂತು, ಮೊದಲಿನದಕ್ಕಿಂತ ದೊಡ್ಡದು. ಆದರೆ ನನಗೆ ರುಚಿ ಹತ್ತಿದ್ದು ಆ ಒಂದು ಕ್ಷಣ. ಆಮೇಲೆ ಆ ತಿಂಗಳಲ್ಲಿ ಹೋದಲ್ಲೆಲ್ಲ ಅದನ್ನು ಹೇಳಿದೆ. ಪ್ರತಿ ಸಲವೂ ಆ ಕ್ಷಣವನ್ನು ಸ್ವಲ್ಪ ಹಿಗ್ಗಿಸಿದೆ.

ಎರಡು ತಿಂಗಳಿಗೆ ಕತೆ ನಮ್ಮ ಗಾಡಿಗಿಂತ ಮುಂದೆ ಓಡತೊಡಗಿತು.

ಮೊದಲು ಕಂಡದ್ದು ನಿಡಸೋಸಿಯಲ್ಲಿ. ಹಾಸಿಗೆ ಹಿಡಿದಿದ್ದ ಹಳೆಯ ಕಾರ್ಯಕರ್ತರೊಬ್ಬರನ್ನು ನೋಡಲು ಅಜ್ಜ ಹೋದರು, ಹತ್ತು ನಿಮಿಷ ಕೂತು ಬಂದರು. ವಾರದೊಳಗೆ ಅವರು ತೀರಿಕೊಂಡರು. ಎಂಬತ್ತೊಂಬತ್ತು ವರ್ಷ, ಎರಡೂ ಕಿಡ್ನಿ ಹೋಗಿದ್ದವು. ಆದರೆ ಮಣ್ಣಿಗೆ ಹೋದಾಗ ಜನ ಅಜ್ಜನಿಗೆ ದಾರಿ ಬಿಟ್ಟ ರೀತಿಯೇ ಬೇರೆಯಾಗಿತ್ತು. ಗೌರವಕ್ಕೆ ಬಿಡುವ ದಾರಿ ಒಂದು ಮಾರು ಇರುತ್ತದೆ. ಇದು ಮೂರು ಮಾರು ಇತ್ತು.

ಗೋಕಾಕ ಫಾಲ್ಸಿನಲ್ಲಿ ಗಿರಣಿ ಕೆಲಸಗಾರರ ಮನೆಗಳ ಸಾಲಿನಲ್ಲಿ ಗಾಡಿ ನಿಂತಾಗ, ಕಟ್ಟೆಯ ಮೇಲೆ ಬಿಸಿಲು ಕಾಯುತ್ತಿದ್ದ ಮುದುಕಿಯೊಬ್ಬಳನ್ನು ಸೊಸೆ ರಟ್ಟೆ ಹಿಡಿದು ಒಳಗೆ ಎಳೆದುಕೊಂಡಳು. ಬಾಗಿಲಿಗೆ ಅಗಳಿ ಬಿದ್ದ ಸದ್ದು ಕೇಳಿತು. ಆಚೆ ಮನೆಯಲ್ಲೂ ಒಂದು ಸದ್ದು. ಅದರಾಚೆಯೂ. ಅಜ್ಜ ಮುಗಿದ ಕೈಯನ್ನು ಹಾಗೇ ಹಿಡಿದುಕೊಂಡು ಮುಚ್ಚಿದ ಬಾಗಿಲುಗಳ ಮುಂದೆ ಓಣಿಯ ಕೊನೆಯ ತನಕ ನಡೆದರು. ಧಬಧಬೆಯ ಸದ್ದು ಬಿಟ್ಟರೆ ಇನ್ನೇನೂ ಇರಲಿಲ್ಲ. ನಾನು ಗಾಡಿಯೊಳಗೆ ಕೂತು ಕೂದಲಿಗೆ ಜಡೆ ಹಾಕಿಕೊಂಡೆ. ಯಾಕೋ ಗೊತ್ತಿಲ್ಲ.

ಮೂಡಲಗಿಯ ಮದುವೆಯೊಂದರಲ್ಲಿ ಹುಡುಗಿಯ ತಾಯಿ ಗೇಟಿಗೇ ಬಂದಳು. “ಸಾಹೇಬ್ರ, ಒಳಗ ಭಾಳ ಗದ್ದಲ ಐತ್ರಿ. ಇಲ್ಲಿಂದನ ಅಕ್ಷತಿ ಹಾಕ್ರಿ, ಮುಟ್ತೈತಿ,” ಎಂದಳು. ಅಜ್ಜ ರಸ್ತೆಯಿಂದಲೇ ಅಕ್ಷತೆ ಎಸೆದರು. ಅವು ಪಾರ್ಕಿಂಗಿನಲ್ಲಿದ್ದ ಮೋಟರ್‌ಸೈಕಲ್ಲುಗಳ ಮೇಲೆ ಬಿದ್ದವು. ಇದನ್ನು ನಾನು ಯಾರಿಗೂ ಆಡಿ ತೋರಿಸಿಲ್ಲ.

ಕೊನೆಗೆ ವಿಷಯ ಬಾಯಿ ಬಿಟ್ಟವರು ಗೋಕಾಕ ಪೇಟೆಯ ದರ್ಜಿ ಚಾಚಾ. ಅಜ್ಜನ ಬಿಳಿ ಅಂಗಿಗಳನ್ನು ಮೊದಲ ಚುನಾವಣೆಯಿಂದ ಹೊಲಿದವರು ಅವರೇ. ಟೇಪು ಕೊರಳಿಗೆ ಹಾಕಿಕೊಂಡು, ಅಜ್ಜನ ಎದೆಯಳತೆ ತೆಗೆಯುತ್ತ ಹೇಳಿದರು:

“ಸಾಹೇಬ್ರ, ಬ್ಯಾಸರ ಮಾಡ್ಕೋಬ್ಯಾಡ್ರಿ. ಮಂದಿ ಏನಂತಾರ ಗೊತ್ತೈತೇನ್ರಿ? ನೀವು ಹಾಕಿದ ಮಾಲಿ ಮೂರ ದಿನಕ್ಕ ಹೆಣದ ಮಾಲಿ ಆಕ್ಕೈತಂತ.”

“ಯಾರಂದ್ರು?”

“ಎಲ್ಲಾರೂ. ಕಲ್ಲೋಳಿ ಮುತ್ಯಾ ಒಬ್ರು ಹಂಗ ಹೋದ್ರಂತಲ್ರಿ.”

“ಏ, ಅಂವ ಮೊನ್ನಿ ಸಂತ್ಯಾಗ ಮೆಣಸಿನಕಾಯಿ ಕೊಳ್ಳಾಕತ್ತಿದ್ದ!”

ಚಾಚಾ ಟೇಪಿನ ಮೇಲಿನ ಅಂಕಿ ಬರೆದುಕೊಂಡರು. “ನಾ ನಿಮ್ಮ ಅಂಗಿ ಹೊಲಿಯಾಂವ, ನನಗ ಬ್ಯಾರೆ ಕಡೆ ಇಪ್ಪತ್ತು ಗಿರಾಕಿ ಅದಾರ. ಅವ್ರ ಯಾರೂ ಮುತ್ಯಾನ್ನ ಸಂತ್ಯಾಗ ನೋಡಿಲ್ರಿ.”

ನಾನು ಹೊರಗೆ ಕಟ್ಟೆಯ ಮೇಲೆ ಬಂದು ನಿಂತೆ. ಟಿಕೆಟ್ ಹಂಚುವ ಕಾಲ ಹತ್ತಿರ ಬಂದಿತ್ತು. ಮೇಲಿನಿಂದ ಬರುವ ಪಕ್ಷದ ಇಬ್ಬರು, ಅಜ್ಜನಿಗೆ ಜನರ ಮನೆಯಲ್ಲಿ ಇನ್ನೂ ಜಾಗ ಇದೆಯೇ ಎಂದು ನೋಡಲಿಕ್ಕೇ ಬರುತ್ತಿದ್ದರು. ಅಜ್ಜನಿಗೆ ಬೇರೆ ಆಸ್ತಿ ಇರಲಿಲ್ಲ. ಭಾಷಣ ಯಾರಾದರೂ ಮಾಡುತ್ತಾರೆ. ಮನೆಯೊಳಗೆ ಹೋಗಿ ಕೂರುವುದೊಂದೇ ಅವರದು, ಅದನ್ನೇ ನಾನು ಒಂದು ನಗುವಿಗೆ ತಿಂದಿದ್ದೆ.

ಅಜ್ಜನ ಉಪಾಯ ಸರಳವಾಗಿತ್ತು. ಗೋಕಾಕದ ಸಭೆಗೆ ಮುತ್ಯಾನನ್ನೇ ಕರೆತಂದು ವೇದಿಕೆಯ ಮೇಲೆ ಕೂರಿಸುವುದು. ಮುತ್ಯಾ ಕುಣಿದುಕೊಂಡೇ ಒಪ್ಪಿದ. ಗಾಡಿಯಲ್ಲಿ ಅವನ ಪಕ್ಕ ನಾನು. ಎಂಬತ್ತಾರರ ಜೀವ, ಮಾರ್ಚ್ ಬಿಸಿಲು. ಅವನು ಕೆಮ್ಮಿದಾಗಲೆಲ್ಲ ನನ್ನ ಜೀವ ಬಾಯಿಗೆ ಬಂತು. ಇವತ್ತು ಈ ಮುತ್ಯಾಗೆ ಏನಾದರೂ ಆದರೆ ನನ್ನ ಸುಳ್ಳು ಖರೆ ಆಗುತ್ತದೆ, ಅಜ್ಜನ ಕತೆ ಮುಗಿಯುತ್ತದೆ. ನಾನು ಅವನಿಗೆ ನೀರು ಕುಡಿಸಿದೆ, ಗಾಳಿ ಹಾಕಿದೆ, ಮತ್ತೆ ನೀರು ಕುಡಿಸಿದೆ.

“ಸಾಕಬೇ ಯವ್ವಾ,” ಎಂದ ಮುತ್ಯಾ. “ಏನ್ ಸಸಿಗೆ ನೀರ್ ಬಿಟ್ಟಂಗ ಬಿಡಾಕತ್ತಿ.”

ಮುತ್ಯಾಗೆ ಏನೂ ಆಗಲಿಲ್ಲ. ಮೈಕಿನ ಮುಂದೆ ನಿಂತು ಹುಲಿಯಂತೆ ಕೂಗಿದ: “ನಾ ಸತ್ತಿಲ್ಲಾ! ನೋಡ್ರಿ, ಹಲ್ಲೂ ನನ್ನವಾ ಅದಾವ!” ಮೊದಲು ಚಪ್ಪಾಳೆ ಬಂತು. ಆಮೇಲೆ ನಡುವಿನಿಂದ ಒಬ್ಬ ಎದ್ದು ನಿಂತ.

“ಇಂವ ಆ ಮುತ್ಯಾ ಅಲ್ಲೋ! ಅಂವ ಸತ್ತಾನ. ಇಂವನ್ನ ಬಾಡಿಗಿ ತಂದಾರ!”

ಜನ ಹೋ ಎಂದು ನಕ್ಕರು. ಮುತ್ಯಾ ತನ್ನ ಹೆಸರು ಹೇಳಿದ, ಅಪ್ಪನ ಹೆಸರು ಹೇಳಿದ, ಹೊಲದ ಸರ್ವೆ ನಂಬರು ಹೇಳಿದ. ಹೇಳಿದಷ್ಟೂ ನಕ್ಕರು. ಹಿಂದಿನಿಂದ ಒಬ್ಬ, “ಚಲೋ ಪಾಠ ಮಾಡಿಸ್ಯಾರಲೇ!” ಎಂದ. ಕಲ್ಲೋಳಿಯಿಂದ ಬಂದ ಹತ್ತು ಜನ ಎದ್ದು ಖರೆ ಖರೆ ಎಂದು ಕೂಗಿದರು. ಅವರನ್ನೂ ಬಾಡಿಗೆಯವರೆಂದರು. ಮುಂದಿನ ಸಾಲಿನಲ್ಲಿದ್ದ ಪಕ್ಷದ ಇಬ್ಬರೂ ಏನನ್ನೂ ಬರೆದುಕೊಳ್ಳಲಿಲ್ಲ. ಅಜ್ಜ ಅವರಿಗೆ ಮಾಲೆ ಹಾಕಲು ಬಂದಾಗ ಇಬ್ಬರಲ್ಲಿ ಹಿರಿಯ, ನಗುನಗುತ್ತಲೇ, ಕುರ್ಚಿಯಿಂದೆದ್ದು ಪಕ್ಕಕ್ಕೆ ಸರಿದ. ನಾನು ನೋಡಿದೆ. ಅಜ್ಜನೂ ನೋಡಿದರು.

ತಿರುಗಿ ಹೋಗುವಾಗ ಗಾಡಿಯಲ್ಲಿ ಮುತ್ಯಾನ ಹುಲಿ ಬೆಕ್ಕಾಗಿತ್ತು. ಅರ್ಧ ದಾರಿಗೆ ಕೇಳಿದ: “ಅಲ್ರಿ, ನಾ ಮೂರ ದಿನಕ್ಕ ಸತ್ತೆ ಅಂತ ಮೊದಲ ಹೇಳಿದಾಂವ ಯಾಂವ?”

ನನಗೆ ಸುಮ್ಮನಿರಲು ಆಗಲಿಲ್ಲ. “ಯಾಂವ ಅಲ್ರಿ ಮುತ್ಯಾ. ನಾನ.”

ಡ್ರೈವರ್ ಕನ್ನಡಿಯಲ್ಲಿ ನನ್ನನ್ನು ನೋಡಿದ. ನಾನು ಎಲ್ಲ ಹೇಳಿದೆ. ಎಮ್ಮೆ, ಕೊಡ, ಕ್ಯಾಂಟೀನು, ಮೂರನೇ ದಿನ. ಮುತ್ಯಾ ಮೊಣಕಾಲು ತಟ್ಟಿಕೊಂಡು ನಕ್ಕ. “ಮೂರ ದಿನ ಯಾಕಬೇ, ಒಂದ್ ವಾರರ ಕೊಡಬೇಕಿಲ್ಲೋ! ಇಷ್ಟು ಜಿಪುಣಿ ಹೆಂಗಾದಿ?”

ಅಜ್ಜ ನಗಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕಲ್ಲೋಳಿಯ ಅಗಸೆ ಬಾಗಿಲಲ್ಲಿ, “ಇಲ್ಲೇ ನಿಲ್ಸು,” ಎಂದರು.

“ಮನಿಗೆ ಬರ್ರಿ ಸಾಹೇಬ್ರ, ಚಾ ಕುಡುದು ಹೋಗೀರಿ,” ಎಂದ ಮುತ್ಯಾ.

“ಬ್ಯಾಡ್ರಿ. ಡ್ರೈವರ್ ನಿಮ್ಮನ್ನ ಮನಿತನಕ ನಡಸ್ಕೊಂಡು ಹೋಗ್ತಾನ.”

“ಸುಳ್ಳು ಅಂತ ಈಗ ಗೊತ್ತಾತಲ್ರಿ? ಹುಡುಗಿ ತಾನ ಒಪ್ಕೊಂಡ್ಳು.”

“ಗೊತ್ತಾತು.” ಅಜ್ಜ ಬೆರಳು ಮಡಚತೊಡಗಿದರು. “ನಿಡಸೋಸಿಯವ್ರು ಖರೇನ ಹೋದ್ರು. ನಾ ನೋಡಿ ಬಂದ ಮ್ಯಾಲ ಮೂಡಲಗಿ ಮಾಸ್ತರ್ ಒಬ್ರು ಹೋದ್ರು. ಫಾಲ್ಸಿನ್ಯಾಗ ಕಟ್ಟಿ ಮ್ಯಾಲ ಕುಂತಿದ್ದ ಆ ಮುದುಕಿನೂ... ಇವ್ರೆಲ್ಲ ಹೋಗಿದ್ದು ಈಕಿ ಕಟ್ಟಿದ ಸುಳ್ಳಲ್ಲ.”

ಎಲ್ಲರೂ ಎಂಬತ್ತು ದಾಟಿದವರು, ರೋಗಿಗಳು. ನೋಡಲು ಹೋಗುತ್ತಿದ್ದದ್ದೇ ಅಂಥವರನ್ನು. ಇದನ್ನು ಹೇಳಲು ಬಾಯಿ ತೆರೆದೆ. ಅಜ್ಜ ಐದನೇ ಬೆರಳು ಮಡಚಿ, ಇನ್ನೊಂದು ಕೈ ತೆಗೆದುಕೊಂಡರು.

ಪಟ್ಟಿ ಬಂದಾಗ ಅಜ್ಜನ ಹೆಸರು ಇರಲಿಲ್ಲ. ಹಿರಿಯರು ವಿಶ್ರಾಂತಿ ತೆಗೆದುಕೊಳ್ಳಲಿ ಎಂದು ಫೋನಿನಲ್ಲಿ ಹೇಳಿದರು. ಅಜ್ಜ ಸರಿ ಎಂದರು, ಅಷ್ಟೆ. ನಾನು ಕ್ಯಾಂಟೀನಿಗೆ ಹೋಗಿ, ಅದೇ ಎಂಟು ಜನರನ್ನು ಕೂರಿಸಿಕೊಂಡು, ಮೂರನೇ ದಿನ ಸುಳ್ಳು ಎಂದು ಹೇಳಿದೆ. “ನಿನ್ನ ಅಜ್ಜನ್ನ ಉಳಿಸಾಕ ಹೇಳಾಕತ್ತಿ,” ಎಂದಳು ನಿಡಸೋಸಿ ಕಡೆಯವಳು, ಪ್ರೀತಿಯಿಂದಲೇ.

ಅದಾದ ಮೇಲೆ ಆಯಿಗೆ ಜ್ವರ ಬಂತು. ನಮ್ಮ ಆಯಿ, ಅಜ್ಜನ ಹೆಂಡತಿ, ಐವತ್ತು ವರ್ಷ ಅವರ ಭಾಷಣ ಕೇಳಿಯೂ ಗಟ್ಟಿಯಾಗಿದ್ದವಳು. ಸಾದಾ ಜ್ವರ ಎಂದು ಡಾಕ್ಟರು ಗುಳಿಗೆ ಕೊಟ್ಟು ಹೋದರು. ಅಜ್ಜ ಆ ದಿನದಿಂದ ಮುಂದಿನ ಕಟ್ಟೆಯ ಮೇಲೆ ಕೂರುತ್ತಾರೆ. ಊಟ ಅಲ್ಲೇ, ಪೇಪರು ಅಲ್ಲೇ. ಹೊಸ್ತಿಲು ದಾಟುವುದಿಲ್ಲ. ಆಯಿ ಒಳಗಿನಿಂದ ಕೂಗುತ್ತಾಳೆ:

“ಯಾಕ್ರೀ, ಒಳಗ ಬರಾಕ ನಿಮಗ ಯಾರರ ಚೀಟಿ ಕಳಸ್ಬೇಕೇನ್?”

ಅಜ್ಜ ಕೇಳದವರಂತೆ ರಸ್ತೆ ನೋಡುತ್ತಾರೆ. ನಾನು ಒಳಗೆ ಹೋಗಿ ನೋಡಿ ಬಂದು ಹೇಳಬೇಕು. ಇವತ್ತು ಬೆಳಿಗ್ಗೆ ಆಯಿಯ ಹಣೆ ತಣ್ಣಗಿತ್ತು. ಎರಡು ರೊಟ್ಟಿ ತಿಂದಳು, ಪಲ್ಯಕ್ಕೆ ಉಪ್ಪು ಸಾಲದೆಂದು ನನ್ನ ಅವ್ವನಿಗೆ ಬೈದಳು. ಒಂದಕ್ಷರ ಹೆಚ್ಚಿಲ್ಲದೆ, ಕಡಿಮೆ ಇಲ್ಲದೆ ಹೋಗಿ ಹಾಗೇ ಹೇಳಿದೆ.

“ಜ್ವರ ಬಿಟ್ಟೈತಿ ಅಜ್ಜಾ. ಎರಡ್ ರೊಟ್ಟಿ ತಿಂದ್ಲು. ಈಗ ಒಳಗ ಬಾ.”

ಅಜ್ಜ ಪೇಪರು ಮಡಚಿ ನನ್ನ ಮುಖ ನೋಡಿದರು.

“ಎರಡ ಏನ್, ಒಂದ?” ಎಂದರು. “ಖರೇ ಹೇಳು.”