ಟೀ ಕುಡಿದು ಬನ್ನಿ ಎಂಬ ನನ್ನದೊಂದು ಸಾಲು

ಹೊಟ್ಟೆಕಿಚ್ಚು ಬಂದರೆ ನನಗೆ ಮೊದಲು ಕಿವಿ ಬಿಸಿಯಾಗುತ್ತದೆ. ಈ ಸಲ ಕಿವಿಗೆ ಬೆಂಕಿ ಹಚ್ಚಿದ್ದು ಪಕ್ಕದವರ ಕಾರಲ್ಲ, ಸೈಟಲ್ಲ. ನಲವತ್ತು ಸಾಲಿನ ಒಂದು ಪ್ರೋಗ್ರಾಂ.

ನಾನು ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವನು. ಪೀಣ್ಯದ ನಮ್ಮ ಕಾರ್ಖಾನೆಗೆ ಲೇತ್ ಓಡಿಸಲು ಸೇರಿ, ಶಿಫ್ಟ್ ಮುಗಿದ ಮೇಲೆ ಆಫೀಸಿನ ಕಂಪ್ಯೂಟರ್ ಮುಂದೆ ಕೂತು ಕೂತು ಪ್ರೋಗ್ರಾಂ ಬರೆಯಲು ಕಲಿತೆ. ಯಾರೂ ಹೇಳಿಕೊಡಲಿಲ್ಲ, ಇದನ್ನು ಕೇಳದವರಿಗೂ ಹೇಳುತ್ತೇನೆ. ನಮ್ಮ ಸಾಮಾನು ಕೊಳ್ಳುವ ದೊಡ್ಡ ಕಂಪನಿಯ ಕಂಪ್ಯೂಟರನ್ನು ಇಂಟರ್‌ನೆಟ್ಟಿನಲ್ಲಿ ಮಾತಾಡಿಸಿ, ಮುಂದಿನ ಲೋಡ್ ಯಾವಾಗ ಕಳಿಸೋಣ ಎಂದು ಕೇಳಿ ಉತ್ತರ ತರುವ ಪ್ರೋಗ್ರಾಂ ನನ್ನದೇ. ಆಯುಧಪೂಜೆಯ ದಿನ ನಮ್ಮ ಆಫೀಸಿನ ಕಂಪ್ಯೂಟರಿಗೆ ಕುಂಕುಮ ಇಡುವ ಹಕ್ಕೂ ನನ್ನದೇ ಆಗಿತ್ತು.

ಈಗ ಆ ಪ್ರೋಗ್ರಾಂ ನಿಂತಿರುವ ತಳಪಾಯ, ಅಂದರೆ ಫ್ರೇಮ್‌ವರ್ಕ್, ಹಳೆಯದಾಯಿತಂತೆ, ಹೊಸ ಆವೃತ್ತಿಗೆ ಸಾಗಿಸಬೇಕಂತೆ. ನಾನೇ ಕೈಹಾಕಿದೆ. ಇಂಚಿನ ಬೋಲ್ಟಿಗೆ ಮಿಲಿಮೀಟರ್ ನಟ್ ಹಾಕಿದ ಹಾಗೆ, ಎರಡು ಸುತ್ತು ಸಲೀಸಾಗಿ ಹೋಗಿ ಕಚ್ಚಿಕೊಂಡು ನಿಂತಿತು. ಆಗ ಯಜಮಾನರು ನೇತ್ರಾವತಿಯನ್ನು ಕೆಲಸಕ್ಕೆ ತಂದರು. ಗದಗದ ಕಡೆಯವಳು, ಇಂಜಿನಿಯರಿಂಗ್ ಓದಿದವಳು, ಬಾಗಲಗುಂಟೆಯಲ್ಲಿ ರೂಮು. ನನ್ನನ್ನು 'ಅಣ್ಣಾರ' ಎನ್ನುತ್ತಾಳೆ. ಸಿಟ್ಟು ಮಾಡಿಕೊಳ್ಳಲು ಒಂದು ಸಣ್ಣ ಕಾರಣವನ್ನೂ ಕೊಡುವುದಿಲ್ಲ.

ನನ್ನ ಮುನ್ನೂರು ಸಾಲು ಅವಳ ಕೈಯಲ್ಲಿ ನಲವತ್ತಾಯಿತು.

"ಉಳಿದದ್ದೆಲ್ಲಾ ಹೊಸಾದು ತಾನ ಮಾಡ್ತೈತ್ರಿ, ಅಣ್ಣಾರ," ಎಂದಳು.

"ನೋಡಯ್ಯಾ, ಎಷ್ಟು ನೀಟಾಗಿ ಮಾಡವ್ಳೆ!" ಎಂದರು ಯಜಮಾನರು. ಹೊಗಳಿಕೆ ಅವಳಿಗೆ, ತಟ್ಟಿದ್ದು ನನ್ನ ಭುಜ.

ನಿಜ ಹೇಳಬೇಕೆಂದರೆ ಮುನ್ನೂರರಲ್ಲಿ ಒಂದೇ ಸಾಲು ನನ್ನ ಪ್ರಾಣ. ಆ ಕಡೆಯ ಕಂಪ್ಯೂಟರ್ ಉತ್ತರ ಕೊಡದಿದ್ದಾಗ ಪರದೆಯ ಮೇಲೆ 'ಅವರು ಮಾತಾಡುತ್ತಿಲ್ಲ, ಟೀ ಕುಡಿದು ಬನ್ನಿ' ಎಂದು ಬರುವ ಹಾಗೆ ಬರೆದಿದ್ದೆ. ಲೋಡ್ ಕಟ್ಟುವವರು ಓದಿ ನಕ್ಕು, ನಿಜವಾಗಿಯೂ ಟೀ ಅಂಗಡಿಗೆ ಹೋಗುತ್ತಿದ್ದರು. ಈ ಜನ್ಮದಲ್ಲಿ ನಾನು ಬರೆದದ್ದನ್ನು ಜನ ಓದಿದ್ದರೆ ಅದೊಂದೇ. ಉಳಿಸಮ್ಮಾ ಎಂದು ಕೇಳಲು ಬಾಯಿ ಬರಲಿಲ್ಲ. ಕೇಳಿದರೆ ನಾನು ಸಣ್ಣವನಾಗುತ್ತೇನೆ. ಕೇಳದಿದ್ದರೆ ಸಾಲು ಹೋಗುತ್ತದೆ.

ಹೊಸದನ್ನು ಓಡಿಸಿದ ದಿನ, ಕೆಡಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡು ಅವಳ ಹಿಂದೆ ನಿಂತೆ. ಹಾಳಾದ್ದು, ಚೆನ್ನಾಗಿಯೇ ಓಡಿತು. ಮಧ್ಯಾಹ್ನ ಆ ಕಡೆಯ ಕಂಪ್ಯೂಟರ್ ಎಂದಿನಂತೆ ಮೌನವಾಯಿತು. ನೋಡಿದರೆ, ಪರದೆಯ ಮೇಲೆ ನನ್ನ ಸಾಲು!

"ಇದನ್ನ ತೆಗೀಲಿಲ್ವೇನಮ್ಮಾ?" ಎಂದೆ, ಧ್ವನಿ ಗಟ್ಟಿ ಮಾಡಿಕೊಂಡು.

"ತಗದ್ರ ಇವ್ರೆಲ್ಲಾ ಚಾ ಕುಡಿಯಾಕ ಯಾವಾಗ ಹೋಗ್ಬೇಕ್ರಿ?"

ಕಿವಿ ತಣ್ಣಗಾಯಿತು. ಅಷ್ಟರಲ್ಲಿ ಲೋಡಿಂಗಿಗೆ ಹೊಸದಾಗಿ ಸೇರಿದ ಮಾಕಳಿ ಊರಿನ ಒಬ್ಬ ಮೀಸೆಯ ಮಹಾಶಯ ಪರದೆ ನೋಡಿ, "ಸಕ್ಕತ್ತಾಗ್ ಬರ್ದಿದೀರಾ ಮೇಡಂ!" ಎಂದ. ಬರೆದದ್ದು ತಾನಲ್ಲ, ಅಣ್ಣಾರು ಎಂದು ಅವಳು ಹೇಳುವ ಮೊದಲೇ ಅವನು ಟೀ ಅಂಗಡಿಯ ದಾರಿ ಹಿಡಿದಿದ್ದ. ಕಿವಿ ಮತ್ತೆ ಬಿಸಿ.

ಹೊಟ್ಟೆಕಿಚ್ಚಿಗೆ ಮಾತ್ರ ಹೊಸ ಆವೃತ್ತಿ ಬೇಕಿಲ್ಲ. ಹಳೆಯದೇ ಎಲ್ಲ ಕಡೆಯೂ ಓಡುತ್ತದೆ. ಬರೆದವನೇ ಪಾಲಿಸದಿದ್ದರೆ ಹೇಗೆ ಎಂದು ನಾನೂ ಟೀ ಕುಡಿಯಲು ಹೊರಟೆ. ಬರುವಾಗ ನೇತ್ರಾವತಿಗೂ ಒಂದು ತಂದುಕೊಟ್ಟೆ. ಸಕ್ಕರೆ ಮಾತ್ರ ಸ್ವಲ್ಪ ಕಡಿಮೆ ಹಾಕಿಸಿದ್ದೆ.