ಫೋನ್ ಲೈನ್ ಹೋದ ಸಂಜೆ

ಶಿಕಾರಿಪುರಕ್ಕೆ ಆಗಷ್ಟೇ ಇಂಟರ್‌ನೆಟ್ ಬಂದಿತ್ತು. ನಮ್ಮ ಕಂಪ್ಯೂಟರ್ ಕ್ಲಾಸಿನ ಮೇಡಂ ಪಾಠ ಮುಗಿದ ಮೇಲೆ ಅದರಲ್ಲಿ ಒಂದು ಕಥೆಯಾಟ ತೆರೆಯುತ್ತಿದ್ದರು. ಚಿತ್ರಗಳಿಲ್ಲ, ಬರೀ ಇಂಗ್ಲಿಷ್ ಸಾಲುಗಳು. ಅವನ್ನು ಕನ್ನಡದಲ್ಲಿ ಹೇಳಿ, ಕನ್ನಡಕ ಹಣೆಗೇರಿಸಿ, "ಈಗೇನ್ ಮಾಡಣ್ರೀ?" ಎಂದು ಕೇಳುತ್ತಿದ್ದರು. ನಾವು ಹೇಳಿದ್ದನ್ನು ಅವರು ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ಕಥೆ ಮುಂದೆ ಸಾಗುತ್ತಿತ್ತು. ಕುಪ್ಪಗಡ್ಡೆ ಹಳ್ಳಿಯಿಂದ ಬರುತ್ತಿದ್ದ ನಾನು ಮಾತ್ರ ಸಂಕೋಚದಿಂದ ಬಾಯಿಬಿಡುತ್ತಿರಲಿಲ್ಲ.

ಒಂದು ಸಂಜೆ, ಗುಹೆಯ ಬಾಗಿಲಲ್ಲಿ ರಾಕ್ಷಸ ಮಲಗಿದ್ದಾಗಲೇ, ಇಂಟರ್‌ನೆಟ್ ಬರುತ್ತಿದ್ದ ಫೋನ್ ಲೈನ್ ಹೋಗಿ ಆಟ ನಿಂತಿತು. ಎಲ್ಲರೂ ಚೀಲ ಹೆಗಲಿಗೇರಿಸಿದರು. ಮೇಡಂ ಕುರ್ಚಿಯನ್ನು ನಮ್ಮ ಕಡೆ ತಿರುಗಿಸಿದರು. "ರಾಕ್ಷಸ ಇನ್ನೂ ಮಲಗ್ಯಾನೆ. ಈಗೇನ್ ಮಾಡಣ್ರೀ?"

"ಚಪ್ಪಲಿ ಕೈಯಾಗೆ ಹಿಡ್ಕಂಡು ಮೆಲ್ಲಗೆ ದಾಟಣ ಮೇಡಂ," ಎಂದುಬಿಟ್ಟೆ.

ಕೆಲವರು ನಕ್ಕರು. ಮೇಡಂ ನಗಲಿಲ್ಲ.

"ದಾಟಿದ್ರಿ. ಒಳಗೆ ತಣ್ಣಗೈತಿ, ಎಲ್ಲೋ ನೀರಿನ ಸದ್ದು. ಮುಂದೆ?"

ನಾನು ಹೇಳುತ್ತ ಹೋದೆ. ಹೊರಟು ನಿಂತವರು ಒಬ್ಬೊಬ್ಬರಾಗಿ ಮತ್ತೆ ಕೂತರು.