ಕಾಕು ಹಚ್ಚಿದ ಜೇನು

ಮೊನ್ನೆ ಬಿ.ಪಿ. ಗುಳಿಗೆ ತರಲು ಹೋದಾಗ ಔಷಧಿ ಅಂಗಡಿಯವನು ಜೇನು ಸವರಿದ ಗಾಯದ ಪಟ್ಟಿಯೊಂದನ್ನು ಬಿಡಿಸಿ ತೋರಿಸಿದ. ಹೊಸದಾಗಿ ಬಂದಿದೆಯಂತೆ. ಜೇನಿನಲ್ಲಿ ಕ್ರಿಮಿಗಳು ಬದುಕುವುದಿಲ್ಲ ಎಂದು ಮರಾಠಿಯಲ್ಲಿ ಪಾಠವನ್ನೇ ಶುರುಮಾಡಿದ. ಅಜ್ಜಿಗೆ ಕೆಮ್ಮು ಕಲಿಸಬೇಕೆ ಎಂದುಕೊಂಡು ಸುಮ್ಮನೆ ಕೇಳಿಸಿಕೊಂಡೆ. ಆದರೆ ಅದರ ವಾಸನೆ ಮೂಗಿಗೆ ಬಂದದ್ದೇ ತಡ, ಎದುರು ಮನೆಯ ಕಾಕು, ನಾವೆಲ್ಲ ಚಿಕ್ಕಮ್ಮನೆಂದೇ ಹಾಗೆ ಕರೆಯುತ್ತಿದ್ದವರು, ನೆನಪಾದರು…

ಸ್ವಾತಂತ್ರ್ಯ ಬರುವುದಕ್ಕೆ ನಾಲ್ಕೈದು ವರ್ಷ ಮೊದಲಿನ ಮಾತು. ಹತ್ತಾರು ಸಂಸಾರಗಳಿದ್ದ ಪುಣೆಯ ಹಳೆಯ ವಾಡೆಯೊಂದರಲ್ಲಿ ಅಂಗಳದ ಈಚೆ ಧಾರವಾಡದಿಂದ ಬಂದ ನಾವು, ಆಚೆ ಬೆಳಗಾವಿ ಕಡೆಯ ಕಾಕು. ಅವರಿಗೆ ಹಿಂದೆ ಮುಂದೆ ಯಾರೂ ಇರಲಿಲ್ಲ, ಹಾಗಾಗಿ ಯಾರ ಹೆದರಿಕೆಯೂ ಇರಲಿಲ್ಲ. ನನಗಾಗ ಹದಿನಾಲ್ಕು. ಹೋಳಿಗೆ ಮಾಡಿದ ದಿನ ಕುದಿಯುವ ಕಟ್ಟಿನ ಸಾರು ನನ್ನ ಬಲಗೈ ಮೇಲೆ ಚೆಲ್ಲಿತು. ಅಪ್ಪ ಓಡಿ ಬಂದು ಶಾಯಿಯ ದೌತಿಯನ್ನೇ ಸುರಿದರು. ಕಚೇರಿಯಲ್ಲಿ ಬರೆಯುವ ಕಾರಕೂನರ ಮನೆಯಲ್ಲಿ ಸುಟ್ಟ ಗಾಯಕ್ಕೆ ಬೇರೆ ಔಷಧಿ ಎಲ್ಲಿಂದ ಬರಬೇಕು! ವಾರದೊಳಗೆ ಕೈ ಬಾತು ಕೀವಾಯಿತು. ಹೀಗೇ ಏರಿದರೆ ಎರಡು ಬೆರಳು ತೆಗೆಯಬೇಕಾದೀತು ಎಂದರು ಮುಲಾಮು ಕೊಟ್ಟ ಡಾಕ್ಟರು. ಅವ್ವ ಅಳುತ್ತ ಕೂತಳು.

ಅಷ್ಟರಲ್ಲಿ ಕಾಕು ಬಂದರು. ನೀರು ಕುದಿಸಿ ಆರಿಸಿ, ಶಾಯಿಯೂ ಕೀವೂ ಹೋಗುವಂತೆ ಕೈ ತೊಳೆದರು. ಆಮೇಲೆ ಜೇನು ಕೇಳಿದರು. ಮನೆಯಲ್ಲಿದ್ದದ್ದು ದೇವರ ಮನೆಯ ಭರಣಿಯ ಜೇನೊಂದೇ, ಪಂಚಾಮೃತಕ್ಕೆಂದು ಮಡಿಯಲ್ಲಿ ಇಟ್ಟದ್ದು. ನಮ್ಮಜ್ಜಿ ಬಾಗಿಲಿಗೆ ಅಡ್ಡ ನಿಂತಳು.

“ಅಭಿಷೇಕದ ಜೇನುತುಪ್ಪ ಕೀವಿಗೆ ಹಚ್ತೀಯೇನ?”

“ದೇವರ ಕೈಗೆ ಏನೂ ಆಗಿಲ್ರಿ ಅಜ್ಜಿ. ಕೊಳತದ್ದು ಈ ಹುಡುಗಿ ಕೈ. ಸರೀರಿ.”

ಅಜ್ಜಿಗೆ ಹಾಗೆ ಪಕ್ಕಕ್ಕೆ ಸರಿಯಿರಿ ಎಂದವರನ್ನು ನಾನು ಅದುವರೆಗೆ ಕಂಡಿರಲಿಲ್ಲ. ಅಜ್ಜಿಯೂ ಕಂಡಿರಲಿಲ್ಲ, ಸರಿದೇಬಿಟ್ಟಳು. ಕುದಿಸಿ ಒಣಗಿಸಿದ ಧೋತರದ ಚೂರಿಗೆ ಕಾಕು ಜೇನು ಬಳಿದು ಕಟ್ಟಿದರು. ಉರಿಗೆ ನಾನು ಚೀರಿದೆ. ಇರುವೆ ಬಂದು ಮೊಮ್ಮಗಳನ್ನು ಹೊತ್ತೊಯ್ಯುತ್ತವೆ ಎಂದು ಅಜ್ಜಿ ಗೊಣಗಿದ್ದಕ್ಕೆ, ಮಂಚದ ನಾಲ್ಕು ಕಾಲಿಗೂ ನೀರಿನ ಬಟ್ಟಲು ಇಟ್ಟರು. ದಿನಕ್ಕೆರಡು ಸಲ ಪಟ್ಟಿ ಬದಲಾಯಿಸಿದರು. ನಾಲ್ಕು ದಿನಕ್ಕೆ ವಾಸನೆ ಹೋಯಿತು, ಆಮೇಲೆ ಕೀವು ನಿಂತಿತು, ತಿಂಗಳಲ್ಲಿ ಹೊಸ ಚರ್ಮ ಬಂತು. ಡಾಕ್ಟರು ಕೈ ತಿರುಗಿಸಿ ನೋಡಿ ಭೇಷ್ ಎಂದಾಗ ಅಪ್ಪ, “ಎಲ್ಲಾ ನಿಮ್ಮ ಮುಲಾಮಿನ ಗುಣಾರಿ,” ಎಂದುಬಿಟ್ಟರು! ಕೇಳಿ ಕಾಕು ಹೊಟ್ಟೆ ಹಿಡಿದುಕೊಂಡು ನಕ್ಕರು.

ಮೂರು ವರ್ಷದ ಮೇಲೆ ಒಂದು ಮಧ್ಯಾಹ್ನ ಕಾಕು ನನ್ನೊಬ್ಬಳನ್ನೇ ಕರೆದು ಬಾಗಿಲು ಹಾಕಿಕೊಂಡರು. ಎದೆಯ ಗಂಟು ಒಡೆದು ಹುಣ್ಣಾಗಿತ್ತು. ಎಷ್ಟು ದಿನದಿಂದ ಮುಚ್ಚಿಟ್ಟಿದ್ದರೋ… ಮನೆತುಂಬ ವಾಸನೆ. ಅವರು ಯಾಕೆ ಈಚೀಚೆಗೆ ಯಾರನ್ನೂ ಒಳಗೆ ಕರೆಯುತ್ತಿರಲಿಲ್ಲ ಎಂದು ಆಗ ತಿಳಿಯಿತು.

“ನಿನಗ ಗೊತ್ತದಲ್ಲ, ಹಚ್ಚು,” ಎಂದರು.

ಹಚ್ಚಿದೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಅವರು ನನಗೆ ಮಾಡಿದಂತೆಯೇ. ಜೇನು ತೀರಿದ ದಿನ ದೇವರ ಮನೆಯ ಭರಣಿಯನ್ನು ಅಜ್ಜಿ ತಾನೇ ತಂದು ಕೊಟ್ಟಳು. ವಾರ ಕಳೆಯುವುದರಲ್ಲಿ ವಾಸನೆ ಹೋಯಿತು. ನನಗೋ ಸ್ವರ್ಗಕ್ಕೆ ಮೂರೇ ಗೇಣು. ಇನ್ನೊಂದು ತಿಂಗಳಲ್ಲಿ ನಿಮಗೂ ಹೊಸ ಚರ್ಮ ಬರುತ್ತದೆ ಎಂದೆ.

“ಹುಚ್ಚಿ, ಇದು ಒಳಗಿಂದು, ಮಾಯೂದಲ್ಲ,” ಎಂದರು ಕಾಕು. “ಜೇನು ತನ್ನ ಕೆಲಸ ಮಾಡೇದ. ಮಂದಿ ಬಂದು ಮಗ್ಗಲದಾಗ ಕೂಡಬೇಕು, ಮೂಗು ಮುಚ್ಚಿಕೋಬಾರದು. ನನಗ ಅಷ್ಟ ಬೇಕಾಗಿತ್ತು.”

ಬಾಗಿಲು ತೆರೆದಿಟ್ಟೆ. ವಾಡೆಯ ಹೆಂಗಸರು ಚಹಾ ಹಿಡಿದುಕೊಂಡು ಬಂದರು, ಅವರ ಹಾಸಿಗೆಯ ಮೇಲೆಯೇ ಕೂತು ಮಧ್ಯಾಹ್ನವೆಲ್ಲ ಹರಟಿದರು. ಮಳೆಗಾಲ ಮುಗಿಯುವ ಹೊತ್ತಿಗೆ ಕಾಕು ಹೋದರು. ಹೋಗುವಾಗ ಅವರ ತಲೆ ನಮ್ಮಜ್ಜಿಯ ತೊಡೆಯ ಮೇಲಿತ್ತು.

ಮೊನ್ನೆ ಆ ಅಂಗಡಿಯವನ ಕೈಯಿಂದ ಗುಳಿಗೆ ಇಸಿದುಕೊಂಡು ಮನೆಗೆ ಬಂದೆ. ಅವರನ್ನು ಉಳಿಸಿಕೊಳ್ಳಲಾಗಲಿಲ್ಲ ಎಂಬ ಸಂಕಟ ಈ ವಯಸ್ಸಿನಲ್ಲೂ ಹೋಗಿಲ್ಲ, ಹೋಗುವುದೂ ಬೇಡ. ಅವರ ಮಗ್ಗುಲಲ್ಲಿ ಕೂತವರಲ್ಲಿ ಈಗ ಉಳಿದವಳು ನಾನೊಬ್ಬಳೇ.